ದೋಷ ಕಂಡುಬಂದಿಲ್ಲ

ಗ್ಯಾರೇಜಿನ ಮುಂದೆ ಟ್ರಕ್ಕು ನಿಲ್ಲಿಸಿ
ಕೀಲಿ ಕೊಡದೆ ಮುಷ್ಟಿಯಲ್ಲೇ ಹಿಡಿದು ನಿಂತ
ಜೇನು ಸಾಕುವ ಹಾಲ್ವರ್ ನ್ಯೂಗಾರ್ಡ್.
ಉತ್ತರ ಡಕೋಟದ ಗಂಡಸರು
ಹಲ್ಲುನೋವನ್ನೂ ಹವಾಮಾನದಿಂದಲೇ ಶುರುಮಾಡುತ್ತಾರೆ.
ಗಾಳಿ ಜೋರಿದೆ ಅಂದ. ಹೌದು ಅಂದೆ.
ಕ್ಲೋವರ್ ಹೂ ಈ ಸಲ ತಡ ಅಂದ. ಹೌದು.
ಆಮೇಲೆ, ನೆಲ ನೋಡುತ್ತ:
ಅದು ಬಿಡಲಿಲ್ಲ, ಮಾರ್ಲಿಸ್. ನನ್ನನ್ನು ಬಿಡಲೇ ಇಲ್ಲ.

ಹಿಂದೆ ಇಪ್ಪತ್ತನಾಲ್ಕು ಪೆಟ್ಟಿಗೆ, ಮೇಲೆ ಬಲೆ,
ಒಂದೊಂದರಲ್ಲೂ ಒಬ್ಬೊಬ್ಬಳು ರಾಣಿ.
ಬೆಳಗಿನ ಜಾವ ನಾಲ್ಕು. ದಾರ ಹಿಡಿದು ಎಳೆದಂಥ ರಸ್ತೆ.
ಅರವತ್ತಕ್ಕೆ ಕ್ರೂಸ್ ಒತ್ತಿ, ಕಾಲು ಹಿಂದಕ್ಕೆ ಮಡಚಿ
ಥರ್ಮಾಸಿನ ಮುಚ್ಚಳ ತಿರುವುತ್ತಿದ್ದ.
ಇಳಿಜಾರಲ್ಲ. ಏರೂ ಅಲ್ಲ.
ಅರವತ್ತೈದು. ಎಪ್ಪತ್ತೊಂದು.
ಬ್ರೇಕು ತುಳಿದಷ್ಟೂ ಎಂಜಿನ್ನು
ಮೂಗುದಾರ ಕಿತ್ತ ಹೋರಿ.
ಎಂಬತ್ತನಾಲ್ಕು.
ಥಟ್ಟನೆ ನಿಲ್ಲಿಸಿದರೆ ಇಪ್ಪತ್ತನಾಲ್ಕು ಊರು ಬೆನ್ನ ಮೇಲೆ.
ಕೀಲಿ ತಿರುಗಿಸಿದರೆ ಸ್ಟೀರಿಂಗ್ ಕಲ್ಲಾದೀತು
ಅಂತ ಯಾರೋ ಎಂದೋ ಹೇಳಿದ್ದು ಆಗಲೇ ನೆನಪಾಗಬೇಕೆ.
ಕೊನೆಗೆ ತಲೆಗಲ್ಲ, ಕೈಗೇ ಹೊಳೆಯಿತಂತೆ:
ನ್ಯೂಟ್ರಲ್.
ಎಂಜಿನ್ನು ಕಿರುಚಿತು, ಚಕ್ರ ಕಿವಿಗೊಡಲಿಲ್ಲ,
ಮುಕ್ಕಾಲು ಮೈಲಿ ಉರುಳಿ ನಿಂತ.
ಕೀಲಿ ಕಿತ್ತ ಮೇಲೂ ಗುಂಯ್ ಅನ್ನುತ್ತಿತ್ತು.
ಇನ್ನೂ ಸತ್ತಿಲ್ಲ ಇದು ಅಂದುಕೊಂಡ.
ಅದು ಜೇನು.

ಮೈನಾಟ್‌ನ ಷೋರೂಮಿನ ಹುಡುಗ ತಂತಿ ಸಿಕ್ಕಿಸಿ
ಪರದೆ ತಿರುಗಿಸಿ ತೋರಿಸಿದ್ದ:
ದೋಷ ಕಂಡುಬಂದಿಲ್ಲ.
ಮ್ಯಾಟು ಸರಿದಿರಬೇಕು ಅಂದ. ಬೂಟು ದೊಡ್ಡದು ಅಂದ.
ಆಮೇಲೆ ತುಂಬ ಮರ್ಯಾದೆಯಿಂದ ವಯಸ್ಸು ಕೇಳಿದ.
ಹೆಂಡತಿ ಆರ್ಡಿಸ್‌ಳದು ಅದಕ್ಕಿಂತ ಚುಟುಕು:
ನಿನ್ನ ಕಾಲು, ಹಾಲ್ವರ್.
ಮದುವೆಯ ದಿನ ಕುಣಿಯುವಾಗಲೂ
ಅದು ಎಲ್ಲಿದೆಯಂತ ನಿನಗೆ ಗೊತ್ತಿರಲಿಲ್ಲ.

ನಾನು ಸ್ಟೀರಿಂಗ್ ಬಿಚ್ಚಿದೆ.
ಕ್ರೂಸ್ ರದ್ದು ಮಾಡುವ ಗುಂಡಿಯ ಸಂದಿಯಲ್ಲಿ
ಕಂದು ಜೇನಂಟು, ಅವನ ಬೆರಳಿಂದಲೇ ಇಳಿದದ್ದು.
ಸಿಕ್ಕಿತು! ಅಂತ ಕೂಗಿಯೂ ಬಿಟ್ಟೆ ಖಾಲಿ ಶೆಡ್ಡಿನಲ್ಲಿ.
ಆಮೇಲೆ ಬುದ್ಧಿ ಬಂತು.
ಗುಂಡಿ ಅಂಟಿಕೊಂಡರೆ ಅರವತ್ತು ಅರವತ್ತಾಗಿಯೇ ಉಳಿಯಬೇಕು.
ಮೇಲಿನ ಇಪ್ಪತ್ತನಾಲ್ಕು ಎಲ್ಲಿಂದ ಬಂತು,
ಪೆಟ್ಟಿಗೆಗೊಂದರಂತೆ ಏರಿತೆ?
ಬ್ರೇಕಿನ ಸ್ವಿಚ್ಚು ಬದಲಿಸಿದೆ. ಹಳೆಯದೂ ಚೆನ್ನಾಗಿಯೇ ಇತ್ತು.
ಅದೇ ರಸ್ತೆ, ಅದೇ ಹೊತ್ತು, ಹನ್ನೊಂದು ದಿನ ಓಡಿಸಿದೆ.
ಬಾ ಅಂದರೆ ಬರುತ್ತಿತ್ತು, ನಿಲ್ಲು ಅಂದರೆ ನಿಲ್ಲುತ್ತಿತ್ತು.
ನನ್ನ ಬಲಗಾಲು ಮಾತ್ರ
ಬ್ರೇಕಿನಿಂದ ಒಂದು ಬೆರಳು ಮೇಲೆ ತೂಗಿಕೊಂಡೇ ಇದ್ದು
ಮನೆಗೆ ಬಂದು ಮಲಗಿದರೂ ಮೀನಖಂಡ ಸಡಿಲವಾಗುತ್ತಿರಲಿಲ್ಲ.

ಬಿಲ್ಲಿನಲ್ಲಿ ಏನಾದರೂ ಬರೆಯಲೇಬೇಕಲ್ಲ.
ಗುಂಡಿ ಒರೆಸಿದ್ದು, ಹದಿನೆಂಟು ಡಾಲರ್.
ಎರಡು ಸಲ ಓದಿದ. ಬೇರೇನೋ ಬರೆದಿರುತ್ತದೆ ಅಂತ
ಹಿಂಬದಿ ತಿರುಗಿಸಿ ನೋಡಿದ.
ಆಮೇಲೆ ನನ್ನ ಡಬ್ಬಿಯಿಂದ ಕೆಂಪು ಟೇಪು ಕೇಳಿ
ಗೇರಿನ ಪಕ್ಕ, ನ್ಯೂಟ್ರಲ್ ಇರುವಲ್ಲಿ,
ಉಗುರಿನಷ್ಟು ಅಂಟಿಸಿಕೊಂಡು ಹೋದ.

ಸೆಪ್ಟೆಂಬರಿನಲ್ಲಿ, ಹೊತ್ತಲ್ಲದ ಹೊತ್ತಿಗೆ ಫೋನು.
ಹಲೋ ಅಂದರೆ ಮಾತಿಲ್ಲ, ಉಸಿರು.
ಉಸಿರಿನ ಹಿಂದೆ ಗಾಳಿ. ಗಾಳಿಯ ಹಿಂದೆ
ಆ ಸದ್ದು.
ಹಾಲ್ವರ್? ಅಂದೆ.
ಅಲ್ಲ, ಆರ್ಡಿಸ್.
ಅವನಿಗೆ ಜ್ವರ, ಪೆಟ್ಟಿಗೆ ನಾನೇ ತಂದೆ ಅಂದಳು.
ಕೆಂಪು ಟೇಪು ಕಂಡಿತು ಅಂದಳು.
ಮುಂದೆ ಬಹಳ ಹೊತ್ತು ಜೇನಷ್ಟೇ ಮಾತಾಡಿತು.

ನೀನು ಅವನಿಗೆ ಫೋನು ಮಾಡಬೇಡ ಮಾರ್ಲಿಸ್,
ನಾನೇ ಹೋಗಿ ಹೇಳಬೇಕು.
ಇಷ್ಟು ಹೊತ್ತಿಗೆ ಮಲಗಿರುತ್ತಾನೆ,
ಕಾಲು ಎರಡೂ ಹೊದಿಕೆಯ ಹೊರಗೆ ಚಾಚಿಕೊಂಡು.